ವೈದ್ಯ ವಿದ್ಯಾರ್ಥಿಯ ಮೊದಲ ಗುರು

ನಿಮ್ಮ ಮಗಳಿಗೆ ಎಂ.ಬಿ.ಬಿ.ಎಸ್. ಸೀಟು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಓಣಿಗೆಲ್ಲ ಪೇಢೆ ಹಂಚಿದ್ದಾಗಿದೆ, ಬಿಳಿ ಕೋಟು ಹೊಲಿಸಿದ್ದಾಗಿದೆ. ಹೊರಡುವ ಹಿಂದಿನ ರಾತ್ರಿ ಆಕೆ ಮೆಲ್ಲನೆ ಕೇಳುತ್ತಾಳೆ: ‘ಅವ್ವಾ, ಹೆಣ ಮುಟ್ಟಬೇಕಂತ. ನನ್ನಿಂದ ಆಗದಿದ್ರ?’

ಅನೇಕ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ‘ಎಲ್ಲಾರೂ ಓದೂದಿಲ್ಲೇನು, ಸುಮ್ನಿರು’ ಎಂದು ಮಾತು ಮುಗಿಸುತ್ತಾರೆ. ಇಲ್ಲವೇ ಅಜ್ಜಿ ಒಂದು ತಾಯತ ಕಟ್ಟುತ್ತಾರೆ. ಸಿಂಧನೂರು ತಾಲ್ಲೂಕಿನ ನಮ್ಮ ಆರ್.ಎಚ್. ಕ್ಯಾಂಪಿನ ಚಿಕಿತ್ಸಾಲಯಕ್ಕೂ ಇಂಥ ಚಿಂತೆ ಹೊತ್ತ ತಂದೆತಾಯಿಗಳು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಂದು ನಿಮಗೂ ಹೇಳುತ್ತೇನೆ. ಆ ಕೋಣೆಯಲ್ಲಿ ಮಕ್ಕಳು ಏನು ಕಲಿಯುತ್ತಾರೆ, ಅದರಿಂದ ರೋಗಿಗೆ ಏನು ಲಾಭ, ಮೇಜಿನ ಮೇಲಿನ ದೇಹ ಎಲ್ಲಿಂದ ಬರುತ್ತದೆ ಎಂಬ ಮೂರು ಸಂಗತಿ ತಿಳಿದರೆ ಭಯದ ಜಾಗದಲ್ಲಿ ಗೌರವ ಮೂಡುತ್ತದೆ.

ಮೊದಲ ದಿನಗಳು

ವೈದ್ಯ ಪದವಿಯ ಮೊದಲ ವರ್ಷದಲ್ಲಿ ಮುಖ್ಯ ವಿಷಯಗಳು ಮೂರು. ಅನಾಟಮಿ ಎಂದು ಕರೆಯುವ ಅಂಗರಚನಾ ಶಾಸ್ತ್ರ, ಶರೀರ ಕ್ರಿಯಾಶಾಸ್ತ್ರ ಮತ್ತು ಜೀವರಸಾಯನ ಶಾಸ್ತ್ರ. ಶವಚ್ಛೇದನ ನಡೆಯುವ ಕೋಣೆಗೆ ಡಿಸೆಕ್ಷನ್ ಹಾಲ್ ಎನ್ನುತ್ತಾರೆ. ಒಂದೊಂದು ಮೇಜಿನ ಸುತ್ತ ವಿದ್ಯಾರ್ಥಿಗಳ ಒಂದೊಂದು ತಂಡ ನಿಲ್ಲುತ್ತದೆ. ದೇಹ ಕೆಡದಂತೆ ಫಾರ್ಮಾಲಿನ್ ಬೆರೆತ ದ್ರಾವಣವನ್ನು ರಕ್ತನಾಳದ ಮೂಲಕ ಮೊದಲೇ ಏರಿಸಿರುತ್ತಾರೆ. ಆದ್ದರಿಂದ ಅಲ್ಲಿ ರಕ್ತ ಹರಿಯುವುದಿಲ್ಲ, ಕೊಳೆತ ವಾಸನೆಯೂ ಇರುವುದಿಲ್ಲ. ಸಿನಿಮಾದಲ್ಲಿ ಕಂಡ ಭಯಾನಕ ದೃಶ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಜವಾದ ಕಷ್ಟ ಫಾರ್ಮಾಲಿನ್ನಿನ ಘಾಟು. ಒಣಮೆಣಸಿನಕಾಯಿ ಹುರಿದಾಗಿನಂತೆ ಕಣ್ಣು ಉರಿದು ನೀರು ಸುರಿಯುತ್ತದೆ. ಕೈ ಎಷ್ಟು ತೊಳೆದರೂ ವಾಸನೆ ಹೋಗಿಲ್ಲ ಎನಿಸುತ್ತದೆ. ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕುಳಿತರೆ ತುತ್ತು ಬಾಯಿಗೆ ಹೋಗದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇದು ಸರಿಹೋಗುತ್ತದೆ.

ನಾನು ಓದುವಾಗ ಧೈರ್ಯವಂತನೆಂದು ಹೆಸರಾಗಿದ್ದ ಹುಡುಗನೇ ಮೊದಲ ದಿನ ಗೋಡೆಗೆ ಒರಗಿ ಕುಸಿದ. ಕೋಳಿ ಕೊಯ್ಯುವುದನ್ನೂ ನೋಡಲಾರೆ ಎನ್ನುತ್ತಿದ್ದ ಹುಡುಗಿ ವರ್ಷದ ಕೊನೆಗೆ ನಮ್ಮೆಲ್ಲರಿಗಿಂತ ನಾಜೂಕಾಗಿ ನರಗಳನ್ನು ಬಿಡಿಸುತ್ತಿದ್ದಳು. ಒಳ್ಳೆಯ ವೈದ್ಯರು ಯಾರಾಗುತ್ತಾರೆ ಎಂಬುದು ಮೊದಲ ದಿನ ತಿಳಿಯುವುದಿಲ್ಲ.

ತಲೆಸುತ್ತು ಬರುವುದು ಹೇಡಿತನವಲ್ಲ. ಭಯವಾದಾಗ ಕೆಲವರಲ್ಲಿ ನಾಡಿ ನಿಧಾನವಾಗಿ ರಕ್ತದೊತ್ತಡ ಇಳಿಯುತ್ತದೆ, ಮೆದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆ, ನಿದ್ದೆಗೇಡು, ಬಹಳ ಹೊತ್ತು ನಿಂತಿರುವುದು ಇದನ್ನು ಹೆಚ್ಚಿಸುತ್ತವೆ. ಆದ್ದರಿಂದ ಮಕ್ಕಳಿಗೆ ಇಷ್ಟು ಹೇಳಿ ಕಳಿಸಿ:

ಬೆಳಗಿನ ತಿಂಡಿ ಬಿಡಬೇಡ. ತಲೆ ತಿರುಗಿದರೆ ನಾಚಿಕೊಳ್ಳದೆ ಕೂತುಬಿಡು, ಹೊರಗೆ ಗಾಳಿಗೆ ಹೋಗು. ಕೈಗವಸು, ಏಪ್ರನ್ ತಪ್ಪಿಸಬೇಡ. ಕಿಟಕಿ, ಫ್ಯಾನುಗಳ ಗಾಳಿ ಇರುವ ಕಡೆ ನಿಲ್ಲು. ಉಬ್ಬಸವಿದ್ದರೆ ಅಧ್ಯಾಪಕರಿಗೆ ಮೊದಲೇ ತಿಳಿಸು.

ಕೊನೆಯ ಮೂರು ಮಾತು ಬರಿಯ ಉಪಚಾರಕ್ಕಲ್ಲ. ಫಾರ್ಮಾಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ.

ತಿಂಗಳು ಕಳೆದರೂ ಕೆಟ್ಟ ಕನಸು, ಊಟ ಸೇರದಿರುವುದು, ತರಗತಿ ತಪ್ಪಿಸುವುದು, ಮಂಕಾಗಿರುವುದು ಮುಂದುವರಿದರೆ ಗದರಬೇಡಿ, ಗೇಲಿಯನ್ನೂ ಮಾಡಬೇಡಿ. ಕಾಲೇಜಿನ ಅಧ್ಯಾಪಕರ, ಮನೋವೈದ್ಯರ ಸಹಾಯ ಪಡೆಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಪುಸ್ತಕದ ಚಿತ್ರ ಸಾಲದು

‘ಈಗ ಕಂಪ್ಯೂಟರಿನಲ್ಲೇ ದೇಹದ ಒಳಗೆಲ್ಲ ತೋರಿಸುತ್ತಾರಲ್ಲ, ಹೆಣ ಯಾಕೆ ಬೇಕು?’ ಎಂದು ಕೆಲವರು ಕೇಳುತ್ತಾರೆ. ಚಿತ್ರ, ಮಾದರಿ, ಕಂಪ್ಯೂಟರು ಎಲ್ಲವೂ ಉಪಯುಕ್ತವೇ. ಆದರೆ ಚಿತ್ರದಲ್ಲಿ ಎಲ್ಲರ ದೇಹವೂ ಒಂದೇ ತರಹ. ನಿಜದಲ್ಲಿ ಹಾಗಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ಮಣಿಕಟ್ಟಿನ ನಡುವೆ ಹುರಿಯಂಥದೊಂದು ಎದ್ದು ಕಾಣುತ್ತದೆಯೇ? ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು. ಮನೆಯವರೆಲ್ಲರ ಕೈಯನ್ನೂ ನೋಡಿ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಕೆಲವರಿಗೆ ಒಂದು ಕೈಯಲ್ಲಿ ಮಾತ್ರ ಇರುತ್ತದೆ. ಇಲ್ಲದಿದ್ದರೆ ಗಾಬರಿ ಬೇಡ, ಕೈಯ ಹಿಡಿತಕ್ಕೆ ಏನೂ ಕುಂದಿಲ್ಲ. ಒಂದು ಮಣಿಕಟ್ಟಿನಲ್ಲೇ ಇಷ್ಟು ವ್ಯತ್ಯಾಸವಿದ್ದರೆ ಹೊಟ್ಟೆಯೊಳಗೆ ಎಷ್ಟಿರಬೇಡ! ಅಪೆಂಡಿಕ್ಸ್ ಕೆಲವರಲ್ಲಿ ದೊಡ್ಡ ಕರುಳಿನ ಹಿಂದೆ ಅಡಗಿರುತ್ತದೆ, ಕೆಲವರಲ್ಲಿ ಕಿಬ್ಬೊಟ್ಟೆಯ ತಳಕ್ಕೆ ಇಳಿದಿರುತ್ತದೆ. ಅದು ಕೆರಳಿದಾಗ ನೋವು ಎಲ್ಲರಿಗೂ ಒಂದೇ ಜಾಗದಲ್ಲಿ ಕಾಣಿಸದಿರುವುದಕ್ಕೆ ಇದೂ ಕಾರಣ.

ಇನ್ನೊಂದು ಉದಾಹರಣೆ ಇಂಜೆಕ್ಷನ್. ಜ್ವರ ಬಂದರೆ ‘ಒಂದು ಸೂಜಿ ಹಾಕಿಬಿಡಿ’ ಎನ್ನುವವರು ನಮ್ಮ ಕಡೆ ಬಹಳ. ದೇಹದ ಅತ್ಯಂತ ದಪ್ಪ ನರವಾದ ಸಯಾಟಿಕ್ ನರ ಪೃಷ್ಠದ ಮಾಂಸಖಂಡದ ಅಡಿಯಲ್ಲೇ ಹಾದು ಕಾಲಿಗೆ ಇಳಿಯುತ್ತದೆ. ಆದ್ದರಿಂದ ಅಲ್ಲಿ ಸೂಜಿ ಚುಚ್ಚುವುದಾದರೆ ಮೇಲ್ಭಾಗದ ಹೊರಮೂಲೆಯಲ್ಲೇ ಚುಚ್ಚಬೇಕು. ಎಳೆಯ ಮಕ್ಕಳಿಗೆ ತೊಡೆಯ ಮುಂದಿನ ಹೊರಭಾಗವೇ ಕ್ಷೇಮ. ಜಾಗ ತಪ್ಪಿದರೆ ಆ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳಬಹುದು, ಮಗು ಕಾಲೆಳೆದು ನಡೆಯುವಂತಾಗಬಹುದು. ಆ ನರವನ್ನು ಒಮ್ಮೆ ಕೈಯಾರೆ ಬಿಡಿಸಿ, ಬೆರಳಿನಲ್ಲಿ ಎತ್ತಿ ನೋಡಿದ ವೈದ್ಯನಿಗೆ ಅದು ಇರುವ ಜಾಗ ಜನ್ಮದಲ್ಲಿ ಮರೆಯುವುದಿಲ್ಲ. ಓದದೆ ಸೂಜಿ ಹಿಡಿದವರ ಬಳಿ ಮಕ್ಕಳನ್ನು ಕರೆದೊಯ್ಯಬೇಡಿ ಎಂದು ನಾವು ಹೇಳುವುದು ಇದಕ್ಕೇ.

ದೇಹ ಎಲ್ಲಿಂದ ಬರುತ್ತದೆ?

ಶವವನ್ನು ನೋಡಿ ಕಲಿಯಬೇಕೆಂಬುದು ಪರದೇಶದಿಂದ ಬಂದ ಹೊಸ ಪದ್ಧತಿಯಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಅದರ ಕ್ರಮವಿದೆ. ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಿಡಬೇಕು. ನಂತರ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ಕಣ್ಣಿನಿಂದಲೇ ನೋಡಿ ತಿಳಿಯಬೇಕು. ಮುಂದೆ ಮಡಿ ಮೈಲಿಗೆಯ ಕಟ್ಟು ಬಿಗಿಯಾದಂತೆ ಈ ಅಭ್ಯಾಸ ನಮ್ಮಲ್ಲಿ ನಿಂತುಹೋಯಿತು. ಆ ಕಟ್ಟನ್ನು ಮುರಿದವರು ಬಂಗಾಳದ ವೈದ್ಯ ಪಂಡಿತ ಮಧುಸೂದನ ಗುಪ್ತ. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಅವರು ಕೈಗೆ ಶಸ್ತ್ರ ತೆಗೆದುಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರಕಾರ ನೆಲೆ ಕೊಟ್ಟ ಪುನರ್ವಸತಿ ಕ್ಯಾಂಪು ನಮ್ಮದು. ಇಲ್ಲಿನ ಬಂಗಾಳಿ ಮನೆಗಳ ಮಕ್ಕಳು ಈ ಹೆಸರನ್ನು ತಿಳಿದಿರಬೇಕು.

ಕಲಿಯಲು ದೇಹ ಬೇಕು, ಕೊಡುವವರಿಲ್ಲ ಎಂದಾಗ ಅನ್ಯಾಯ ಹುಟ್ಟುತ್ತದೆ. 1828ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು ಹೆಣಗಳನ್ನು ಅನಾಟಮಿ ಶಾಲೆಗೆ ಮಾರಿದ್ದರು. ಅದಾದ ಬಳಿಕ 1832ರಲ್ಲಿ ಬ್ರಿಟನ್ನಿನಲ್ಲಿ ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರಿಲ್ಲದ ಶವಗಳನ್ನು ವೈದ್ಯ ಕಾಲೇಜುಗಳಿಗೆ ಕೊಡಲು ಅದು ಅವಕಾಶ ಮಾಡಿಕೊಟ್ಟಿತು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಬಸ್ ನಿಲ್ದಾಣದಲ್ಲಿ, ಧರ್ಮಾಸ್ಪತ್ರೆಯ ಮೂಲೆಯಲ್ಲಿ ಯಾರೂ ಇಲ್ಲದೆ ಸತ್ತವರು ನಮ್ಮನ್ನು ವೈದ್ಯರನ್ನಾಗಿ ಮಾಡಿದ್ದಾರೆ. ನಾನು ಕಲಿತ ಮೇಜಿನ ಮೇಲಿದ್ದವರ ಹೆಸರು ನನಗೆ ಇಂದಿಗೂ ತಿಳಿಯದು. ರೋಗಿಯ ಮೊಣಕೈ ಮಡಿಕೆಯಲ್ಲಿ ನಾಡಿ ಹುಡುಕುವಾಗಲೆಲ್ಲ ನನ್ನ ಬೆರಳಿಗೆ ದಾರಿ ತೋರುವವರು ಅವರೇ. ಬದುಕಿದ್ದಾಗ ಒಳ್ಳೆಯ ಚಿಕಿತ್ಸೆ ಸಿಗದವರು ಸತ್ತ ಮೇಲೆ ಎಲ್ಲರ ಚಿಕಿತ್ಸೆಗೆ ನೆರವಾದರು. ಅದೂ ಯಾರೂ ಅವರನ್ನು ಕೇಳದೆ.

2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ‘ಶವವೇ ನಮ್ಮ ಮೊದಲ ಗುರು’ ಎಂಬ ಪಾಠ ಸೇರಿದೆ. ಶವಚ್ಛೇದನಕ್ಕೆ ಮೊದಲು ಗೌರವದಿಂದ ನಡೆದುಕೊಳ್ಳುತ್ತೇವೆಂದು ವಿದ್ಯಾರ್ಥಿಗಳಿಂದ ಪ್ರತಿಜ್ಞೆ ಮಾಡಿಸುವ ಕಾಲೇಜುಗಳಿವೆ. ಮಾತನಾಡದ ಈ ಗುರುವಿನ ಮುಂದೆ ತಗ್ಗಿದ ದನಿಯಲ್ಲಿರಲು ಕಲಿತವರು ಮುಂದೆ ಪ್ರಜ್ಞೆ ತಪ್ಪಿದ ರೋಗಿಯ ಮುಂದೆಯೂ ಹಾಗೆಯೇ ಇರುತ್ತಾರೆ.

ಬೈಲಹೊಂಗಲದ ತಂದೆ, ಮಗ

ತಾವಾಗಿ ದೇಹ ಕೊಟ್ಟವರೂ ಇದ್ದಾರೆ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ 2008ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಸಂರಕ್ಷಿಸಿಡಲಾಯಿತು. ಎರಡು ವರ್ಷದ ನಂತರ, 2010ರ ನವೆಂಬರಿನಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ವಿದ್ಯಾರ್ಥಿಗಳೆದುರು ತಮ್ಮ ತಂದೆಯ ದೇಹವನ್ನೇ ಛೇದಿಸಿ ಪಾಠ ಮಾಡಿದರು. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ ಪಶ್ಚಿಮ ಬಂಗಾಳದ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೇಹವನ್ನೂ ಕೋಲ್ಕತ್ತಾದ ಎಸ್.ಎಸ್.ಕೆ.ಎಂ. ಆಸ್ಪತ್ರೆಗೆ ಒಪ್ಪಿಸಲಾಯಿತು.

ದೇಹದಾನ: ತಿಳಿದಿರಬೇಕಾದ ಸಂಗತಿಗಳು

ವೈದ್ಯ ಕಾಲೇಜಿನ ಅಂಗರಚನಾ ಶಾಸ್ತ್ರ ವಿಭಾಗದಲ್ಲಿ ಒಪ್ಪಿಗೆ ಪತ್ರ ಸಿಗುತ್ತದೆ. ನಮ್ಮ ಭಾಗದವರಿಗೆ ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಸರಕಾರಿ ವೈದ್ಯ ಕಾಲೇಜುಗಳಿವೆ. ಪತ್ರಕ್ಕೆ ಹತ್ತಿರದ ಸಂಬಂಧಿಕರೂ ಸಾಕ್ಷಿಯಾಗಿ ಸಹಿ ಮಾಡಿದರೆ ಒಳ್ಳೆಯದು. ಏಕೆಂದರೆ ಸಾವಿನ ನಂತರ ಸುದ್ದಿ ಮುಟ್ಟಿಸಿ ದೇಹ ಒಪ್ಪಿಸಬೇಕಾದವರು ಅವರೇ.

ಸಾವು ಸಂಭವಿಸಿದ ಮೇಲೆ ವೈದ್ಯರಿಂದ ಮರಣದ ಪ್ರಮಾಣಪತ್ರ ಪಡೆದು ಕಾಲೇಜಿಗೆ ಫೋನ್ ಮಾಡಿ. ನಮ್ಮ ಬೇಸಿಗೆಯಲ್ಲಿ ದೇಹ ಬೇಗ ಕೆಡುತ್ತದೆ. ಆದ್ದರಿಂದ ಕೆಲವೇ ಗಂಟೆಗಳಲ್ಲಿ ತಲುಪಿಸಬೇಕು, ತಡವಾಗುವುದಾದರೆ ಶೀತಲ ಪೆಟ್ಟಿಗೆಯಲ್ಲಿಡಬೇಕು. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಪ್ರಕರಣಗಳು, ಮರಣೋತ್ತರ ಪರೀಕ್ಷೆಯಾದ ದೇಹ, ಎಚ್.ಐ.ವಿ., ಹೆಪಟೈಟಿಸ್ ಬಿ ಮುಂತಾದ ಸೋಂಕಿದ್ದ ದೇಹಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೇತ್ರದಾನ ಮಾಡಿಯೂ ದೇಹದಾನ ಮಾಡಬಹುದು, ಆದರೆ ಕಣ್ಣುಗಳನ್ನು ಆರು ಗಂಟೆಯೊಳಗೆ ತೆಗೆಯಬೇಕು. ಇದರಲ್ಲಿ ಹಣ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ.

‘ಮಣ್ಣು ಮಾಡದಿದ್ದರೆ, ಬೆಂಕಿ ಇಡದಿದ್ದರೆ ಸದ್ಗತಿ ಹೇಗೆ?’ ಎಂಬ ಹಿರಿಯರ ಅಳುಕನ್ನು ತಳ್ಳಿಹಾಕಬೇಡಿ. ಮನೆಯಲ್ಲಿ ಪೂಜೆ, ದರ್ಶನ, ವಿಧಿಗಳನ್ನು ಮುಗಿಸಿಯೇ ದೇಹ ಒಪ್ಪಿಸಬಹುದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ದಾನ ಮನಃಪೂರ್ವಕವಾಗಿರಬೇಕು. ಆದರೆ ಮಾತನ್ನಂತೂ ಎತ್ತಿ. ಸತ್ತ ದಿನದ ಅಳುವಿನ ನಡುವೆ ಇಂಥದನ್ನು ತೀರ್ಮಾನಿಸಲು ಆಗುವುದಿಲ್ಲ. ಎಲ್ಲರೂ ಆರೋಗ್ಯವಾಗಿರುವಾಗ, ರಾತ್ರಿ ಊಟವಾದ ಮೇಲೆ ಒಂದರ್ಧ ಗಂಟೆ ಕೂತು ಮಾತನಾಡಿ, ನಿಮ್ಮ ಇಚ್ಛೆ ಏನೆಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಿ.