ಮೊದಲು ಚುಕ್ಕಿ, ಆಮೇಲೆ ಗೆರೆ
(ಚಿಕ್ಕ ಪ್ರಬಂಧ ಬರೆಯುವ ಬಗೆ)



ನೀವು ಅಕ್ಷರ ಕಲಿತಿರಿ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂಘದ ಪುಸ್ತಕದಲ್ಲಿ ಲೆಕ್ಕ ಬರೆಯುತ್ತೀರಿ. ಇನ್ನು ಮುಂದಿನ ಹೆಜ್ಜೆ ಇಡೋಣ. ನಮ್ಮ ಮನಸ್ಸಿನಲ್ಲಿ ಇರುವುದನ್ನು ನಾವೇ ಬರೆಯೋಣ.

ಒಂದು ವಿಷಯ ಹಿಡಿದು ಅದನ್ನು ಅಚ್ಚುಕಟ್ಟಾಗಿ ಬರೆದರೆ ಅದೇ ಪ್ರಬಂಧ. ಬಂಧ ಅಂದರೆ ಕಟ್ಟು. ಪ್ರಬಂಧ ಅಂದರೆ ಚೆನ್ನಾಗಿ ಕಟ್ಟಿದ್ದು. ಬಿಡಿ ಹೂವು ಬುಟ್ಟಿಯಲ್ಲಿ ಇರುತ್ತೆ. ಕಟ್ಟಿದರೆ ತಾನೆ ಮುಡಿಯೋಕೆ ಬರೋದು? ಮಾತೂ ಹಾಗೆಯೇ.

"ಬರೆಯೋಕೆ ನನ್ನ ಹತ್ರ ಏನಿದೆ?"

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೀಗೆ ಕೇಳಿದರು. "ಟೀಚರಮ್ಮ, ನಾನು ಹೊಲ ಮನೆ ಬಿಟ್ಟು ಏನು ಕಂಡಿದೀನಿ? ಬರೆಯೋಕೆ ನನ್ನ ಹತ್ರ ಏನಿದೆ?"

ನಾವು ಹೇಳಿದೆವು, "ಅಕ್ಕಾ, ನಿಮಗೆ ಗೊತ್ತಿದ್ದು, ಪಕ್ಕದ ಮನೆಯವರಿಗೂ ಗೊತ್ತಿರಲೇಬೇಕು ಅನ್ನೋದು ಏನಾದರೂ ಇದೆಯಾ? ಅದನ್ನೇ ಬರೆಯಿರಿ."

ಅಕ್ಕ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಮಗುವಿಗೆ ಭೇದಿಯಾದಾಗ ನೀರು ಬಿಡಿಸಬಾರದು. ಇದು ಎಲ್ಲರಿಗೂ ಗೊತ್ತಿರಬೇಕು."

ವಿಷಯ ಸಿಕ್ಕಿತು. ಅವರು ಅದನ್ನು ಹೇಗೆ ಬರೆದರು, ನೋಡೋಣ ಬನ್ನಿ.

1. ಒಂದೇ ವಿಷಯ ಹಿಡಿಯಿರಿ

ಹೇಳಬೇಕಾದ್ದನ್ನು ಮೊದಲು ಒಂದೇ ವಾಕ್ಯದಲ್ಲಿ ಹೇಳಿ ನೋಡಿ. ಅಕ್ಕ ಹೇಳಿದರಲ್ಲ, ಹಾಗೆ. ಒಂದು ವಾಕ್ಯದಲ್ಲಿ ಹೇಳೋಕೆ ಬರಲಿಲ್ಲ ಅಂದರೆ ವಿಷಯ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. "ಆರೋಗ್ಯ" ಅಂತ ಹಿಡಿದರೆ ಅದು ದೊಡ್ಡ ಕೆರೆ. "ಭೇದಿಯಾದಾಗ ನೀರು" ಅಂತ ಹಿಡಿದರೆ ಅದು ಒಂದು ಕೊಡ. ಕೊಡವನ್ನು ನಾವು ಹೊರಬಹುದು.

2. ಚುಕ್ಕಿ ಇಡಿ

ಬಾಗಿಲ ಮುಂದೆ ರಂಗೋಲಿ ಹೇಗೆ ಹಾಕುತ್ತೀರಿ? ಮೊದಲು ಚುಕ್ಕಿ ಇಡುತ್ತೀರಿ. ಆಮೇಲೆ ಗೆರೆ ಎಳೆಯುತ್ತೀರಿ. ಬರೆಯುವಾಗಲೂ ಹಾಗೆ ಮಾಡಿ. ನೆನಪಿಗೆ ಬಂದದ್ದನ್ನೆಲ್ಲ ಎರಡೆರಡು ಮಾತಿನಲ್ಲಿ ಗುರುತು ಹಾಕಿಕೊಳ್ಳಿ. ಅಕ್ಕ ಇಟ್ಟ ಚುಕ್ಕಿಗಳು ಇವು:

ಒಂದು, ನನ್ನ ಮಗಳು ತೀರಿಹೋದದ್ದು.
ಎರಡು, ನೀರು ಕೊಡಬೇಡ ಅಂತ ಹೇಳಿದ್ದು.
ಮೂರು, ಆ ವರ್ಷ ಮಳೆ ಇಲ್ಲದೆ ಕೆರೆ ಬತ್ತಿದ್ದು.
ನಾಲ್ಕು, ಓಆರ್‌ಎಸ್ ಪೊಟ್ಟಣ ಕಲಸೋದು.
ಐದು, ಆಸ್ಪತ್ರೆಗೆ ಯಾವಾಗ ಹೋಗಬೇಕು.
ಆರು, ಮೈಯಿಂದ ನೀರು ಹೋದರೆ ಏನಾಗುತ್ತೆ.
ಏಳು, ತವರಿನವರು ಮಾತು ಬಿಟ್ಟದ್ದು.

3. ಬೇಡದ್ದನ್ನು ಬಿಡಿ, ಬೇಕಾದ್ದನ್ನು ಜೋಡಿಸಿ

ಕೆರೆ ಬತ್ತಿದ್ದು ನಿಜ. ತವರಿನವರು ಮಾತು ಬಿಟ್ಟದ್ದೂ ನಿಜ. ಆದರೆ ಅವು ಈ ರಂಗೋಲಿಗೆ ಸೇರಿದ ಚುಕ್ಕಿಗಳಲ್ಲ. ಅಕ್ಕ ಅವೆರಡನ್ನೂ ಹೊಡೆದು ಹಾಕಿದರು. ಏಳನೆಯದನ್ನು ಹೊಡೆಯುವಾಗ ಕೈ ತಡೆಯಿತು. "ಅಕ್ಕಾ, ಅದನ್ನು ಇನ್ನೊಂದು ದಿನ ಬೇರೆಯಾಗಿ ಬರೆಯಿರಿ" ಎಂದೆವು.

ಉಳಿದದ್ದು ಐದು. ಅವನ್ನು ಸಾಲಾಗಿ ಜೋಡಿಸಬೇಕು. ಮೊದಲು ನಡೆದದ್ದು. ಆಮೇಲೆ ಅದಕ್ಕೆ ಕಾರಣ. ಆಮೇಲೆ ಮಾಡಬೇಕಾದ್ದು. ಒಗ್ಗರಣೆಗೆ ಎಣ್ಣೆ ಕಾಯುವ ಮುಂಚೆ ಸಾಸಿವೆ ಹಾಕಿದರೆ ಸಿಡಿಯೋದಿಲ್ಲ. ಬರವಣಿಗೆಯಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ.

4. ಗೊತ್ತಿಲ್ಲದ್ದನ್ನು ಕೇಳಿ ತಿಳಿಯಿರಿ

ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಬೇಕು ಅಂತ ಅಕ್ಕ ಬರೆದಿದ್ದರು. ನಮಗೆ ಅನುಮಾನ ಬಂತು. ಇಬ್ಬರೂ ಹೋಗಿ ಆಶಾ ಕಾರ್ಯಕರ್ತೆಯನ್ನು ಕೇಳಿದೆವು. ಅವರು ಪೊಟ್ಟಣದ ಮೇಲೆ ಬರೆದದ್ದನ್ನೇ ತೋರಿಸಿದರು. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು ಬೇಕು! ನೀರು ಕಡಿಮೆಯಾದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಕೆಡುಕು. ಬಾಯಿ ಮಾತು ಒಬ್ಬರ ಕಿವಿಗೆ ಬೀಳುತ್ತೆ. ಬರೆದ ಮಾತನ್ನು ನೂರು ಜನ ಓದುತ್ತಾರೆ. ಅದಕ್ಕೇ ಬರೆಯುವ ಮುಂಚೆ ವಿಚಾರಿಸಬೇಕು.

5. ಗೆರೆ ಎಳೆಯಿರಿ

ಪ್ರಬಂಧಕ್ಕೆ ಮೂರು ಭಾಗ: ಆರಂಭ, ನಡು, ಕೊನೆ. ಆರಂಭ ಓದುವವರನ್ನು ಕರೆದು ಕೂರಿಸಬೇಕು. ನಡುವಿನಲ್ಲಿ ವಿಷಯ ಇರಬೇಕು. ಕೊನೆಯಲ್ಲಿ ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ ನಿಲ್ಲಿಸಬೇಕು. ಒಂದು ಮಾತು ಮುಗಿದು ಇನ್ನೊಂದು ಶುರುವಾದಾಗ ಹೊಸ ಸಾಲಿನಿಂದ ಬರೆಯಿರಿ. ಹೀಗೆ ಒಂದು ಮಾತಿಗೆ ಸೇರಿದ ವಾಕ್ಯಗಳ ಗುಂಪನ್ನು ಪ್ಯಾರಾ ಎನ್ನುತ್ತಾರೆ.

ಅಕ್ಕ ಬರೆದ ಪ್ರಬಂಧ ಇಲ್ಲಿದೆ. ನಿಧಾನವಾಗಿ ಓದಿ.

ಭೇದಿಯಾದಾಗ ನೀರು ಬಿಡಿಸಬೇಡಿ

ಹದಿನೈದು ವರ್ಷದ ಹಿಂದೆ ನನ್ನ ಮಗಳಿಗೆ ಭೇದಿ ಆಯಿತು. ಅವಳಿಗೆ ಆಗ ಒಂದೂವರೆ ವರ್ಷ. ನೀರು ಕೊಟ್ಟರೆ ಭೇದಿ ಜಾಸ್ತಿಯಾಗುತ್ತೆ, ಕೊಡಬೇಡ ಅಂತ ಹಿರಿಯರು ಹೇಳಿದರು. ನಾನೂ ನಂಬಿದೆ. ಅವಳು ಲೋಟ ತೋರಿಸಿ ಅಳುತ್ತಿದ್ದಳು. ನಾನು ಕೊಡಲಿಲ್ಲ. ಎರಡನೇ ದಿನ ಅವಳು ತೀರಿಹೋದಳು.

ಭೇದಿಯಾದಾಗ ಮೈಯಲ್ಲಿರುವ ನೀರು ಮತ್ತು ಉಪ್ಪಿನ ಅಂಶ ಹೊರಗೆ ಹೋಗುತ್ತದೆ. ನೀರಿಲ್ಲದ ಸಸಿ ಬಾಡುವ ಹಾಗೆ ಮಗು ಬಾಡುತ್ತದೆ. ಎಷ್ಟೋ ಮಕ್ಕಳು ಸಾಯುವುದು ನೀರು ಕಡಿಮೆಯಾಗಿ. ಹೋದ ನೀರನ್ನು ತಿರುಗಿ ತುಂಬಬೇಕು.

ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ ಪೊಟ್ಟಣ ಕೇಳಿ. ದುಡ್ಡು ಕೊಡಬೇಕಾಗಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ದೊಡ್ಡ ಪೊಟ್ಟಣ ಪೂರ್ತಿ ಹಾಕಿ ಕಲಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ಗೋಪುರ ಮಾಡಬೇಡಿ, ಮಟ್ಟ ಮಾಡಿ. ಪ್ರತಿ ಸಲ ಭೇದಿಯಾದ ಮೇಲೆ ಸ್ವಲ್ಪ ಸ್ವಲ್ಪ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ಕುಡಿಸಿ. ಕಲಸಿದ ನೀರನ್ನು 24 ಗಂಟೆ ಆದ ಮೇಲೆ ಚೆಲ್ಲಿ, ಹೊಸದಾಗಿ ಕಲಸಿ. ಎದೆಹಾಲು ನಿಲ್ಲಿಸಬೇಡಿ. ಊಟವನ್ನೂ ನಿಲ್ಲಿಸಬೇಡಿ.

ಕಣ್ಣು ಗುಳಿ ಬಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಉಚ್ಚೆ ಹೊಯ್ಯದಿದ್ದರೆ, ಭೇದಿಯಲ್ಲಿ ರಕ್ತ ಬಂದರೆ, ಮಗು ಕುಡಿಯೋಕೂ ಆಗದೆ ಸೋತು ಮಲಗಿದರೆ ತಡ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಮಗು ಕುಡಿಯುವ ಹಾಗಿದ್ದರೆ ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸುತ್ತಾ ಹೋಗಿ.

ಹಿರಿಯರ ಮೇಲೆ ನನಗೆ ಕೋಪ ಇಲ್ಲ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ನಿಮಗೆ ಗೊತ್ತಾಯಿತು. ನನ್ನ ಮಗಳಿಗೆ ನಾನು ಕೊಡಲಿಲ್ಲ. ನಿಮ್ಮ ಮಗುವಿಗೆ ನೀವು ಕೊಡಿ.

ಇಲ್ಲಿಗೆ ಪ್ರಬಂಧ ಮುಗಿಯಿತು. ಇದರಲ್ಲಿ ಐದು ಪ್ಯಾರಾ ಇವೆ. ಮೊದಲನೆಯದು ಆರಂಭ. ಅದರಲ್ಲಿ ಒಂದನೇ ಮತ್ತು ಎರಡನೇ ಚುಕ್ಕಿ ಸೇರಿವೆ. ನಡುವಿನ ಮೂರರಲ್ಲಿ ಆರು, ನಾಲ್ಕು, ಐದನೇ ಚುಕ್ಕಿಗಳಿವೆ. ಕೊನೆಯದು ಮುಕ್ತಾಯ. ಅಲ್ಲಿ ಹೊಸ ವಿಷಯ ತಂದಿಲ್ಲ. ಆರಂಭದ ಮಾತಿಗೇ ತಿರುಗಿ ಬಂದಿದ್ದಾರೆ. ಇದರಲ್ಲಿ ದೊಡ್ಡ ದೊಡ್ಡ ಪದ ಇಲ್ಲ. ಅಕ್ಕ ಮನೆಯಲ್ಲಿ ಆಡುವ ಮಾತೇ ಇದೆ. ಆದರೂ ಓದಿದವರು ಮರೆಯೋದಿಲ್ಲ.

6. ಗಟ್ಟಿಯಾಗಿ ಓದಿ, ತಿದ್ದಿ

ಬರೆದಾದ ಮೇಲೆ ಒಬ್ಬರಿಗೆ ಓದಿ ಹೇಳಿ. ಎಲ್ಲಿ ನಾಲಗೆ ತೊಡರುತ್ತೋ ಅಲ್ಲಿ ವಾಕ್ಯ ಉದ್ದವಾಗಿದೆ. ಅದನ್ನು ಎರಡು ಮಾಡಿ. ಎಲ್ಲಿ ಕೇಳುವವರು "ಆಂ?" ಅಂತಾರೋ ಅಲ್ಲಿ ಬಿಡಿಸಿ ಹೇಳಿ. ಹೇಳಿದ್ದನ್ನೇ ಹೇಳಿದ್ದರೆ ಒಂದನ್ನು ತೆಗೆಯಿರಿ. ವಾಕ್ಯ ಮುಗಿದಲ್ಲಿ ಪೂರ್ಣವಿರಾಮದ ಚುಕ್ಕಿ ಇಡಿ. ಒತ್ತಕ್ಷರ ತಪ್ಪಾಗುತ್ತೆ ಅಂತ ಹೆದರಿ ಬರೆಯೋದು ಬಿಡಬೇಡಿ. ಅದನ್ನು ಆಮೇಲೆ ತಿದ್ದಬಹುದು. ಬರೆಯದೇ ಇದ್ದರೆ ತಿದ್ದೋಕೆ ಏನೂ ಇರೋದಿಲ್ಲ.

ಅಕ್ಕ ಮೂರು ಸಲ ಬರೆದರು. ಮೂರನೇ ಸಲ ಬರೆದದ್ದನ್ನು ಅಂಗನವಾಡಿಯ ಗೋಡೆಗೆ ಅಂಟಿಸಿದೆವು. ಮಾರನೇ ದಿನ ಎಳೆ ಮಗುವನ್ನು ಎತ್ತಿಕೊಂಡ ಒಬ್ಬ ತಾಯಿ ಅಲ್ಲಿ ನಿಂತು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದಳು. ಓದಿ ಮುಗಿಸಿ, "ಒಂದು ಪೊಟ್ಟಣ ಮನೇಲಿ ಇಟ್ಟುಕೊಂಡಿರಬಹುದಾ?" ಅಂತ ಕೇಳಿದಳು. ಅಕ್ಕ ದೂರದಿಂದ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಈಗ ನೀವು ಬರೆಯಿರಿ

ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ.
• ನಮ್ಮ ಬೀದಿಯ ನೀರು
• ನಾನು ಸಹಿ ಹಾಕಿದ ಮೊದಲ ದಿನ
• ನನ್ನ ಮಗಳನ್ನು ಯಾಕೆ ಓದಿಸುತ್ತೇನೆ

ಐದು ಚುಕ್ಕಿ ಇಡಿ. ಬೇಡದ್ದನ್ನು ಹೊಡೆದು ಹಾಕಿ. ಆರಂಭ, ನಡು, ಕೊನೆ ಮಾಡಿ. ಒಂದು ಪುಟ ಸಾಕು. ಬರೆದು ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂತು ಓದೋಣ.

ನಿಮಗೆ ಗೊತ್ತಿರೋದು ನಿಮ್ಮಲ್ಲೇ ಉಳಿಯೋದು ಬೇಡ. ಬನ್ನಿ, ಬರೆಯೋಣ.