ನೆಲೆ ಬೇಕು ಕೂಸಿಗೆ, ಬಿಡುವು ಬೇಕು ಹರೆಯಕ್ಕೆ

ಹುಬ್ಬಳ್ಳಿ–ಗುಂತಕಲ್ ಮಾರ್ಗದಿಂದ ಗದಗ–ವಾಡಿ ಹೊಸ ಹಳಿ ಹೊರಳುವುದು ಕೊಪ್ಪಳ ಜಿಲ್ಲೆಯ ತಳಕಲ್‌ನಲ್ಲಿ. 2025ರ ಮೇ ತಿಂಗಳಲ್ಲಿ ಈ ಹಳಿಯ ಮೇಲೆ ರೈಲು ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿ ಮುಟ್ಟಿತು. ರೈಲು ಬರುವ ಎಷ್ಟೋ ಮೊದಲಿಂದ ಈ ಸೀಮೆಯ ಜನ ಗುಳೆ ಹೋಗುತ್ತಲೇ ಇದ್ದಾರೆ. ಮಳೆ ನಂಬಿದ ಹೊಲ ಕೈಕೊಟ್ಟರೆ ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸವೇ ಗತಿ. ಗಂಟುಮೂಟೆ ಕಟ್ಟುವಾಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕೂಸನ್ನು ಒಯ್ಯುವುದೋ, ಅಜ್ಜಿಯ ಹತ್ತಿರ ಬಿಡುವುದೋ? ಆ ಮಗು ಮುಂದೆ ಲೋಕವನ್ನು ಎಷ್ಟು ನಂಬುತ್ತದೆ ಎಂಬುದಕ್ಕೂ ಈ ಪ್ರಶ್ನೆಗೂ ನಂಟಿದೆ.

ಗುರ್ತು ಹಿಡಿಯುವ ಕಾಲ

ಏಳೆಂಟು ತಿಂಗಳಾದಾಗ ಮನೆಯವರು ‘ಕೂಸು ಗುರ್ತು ಹಿಡಿಯಾಕ ಹತ್ತೇತಿ’ ಎನ್ನುತ್ತಾರೆ. ಅಲ್ಲಿಯವರೆಗೆ ಯಾರ ಕೈಗಾದರೂ ಹೋಗುತ್ತಿದ್ದ ಮಗು ಈಗ ಹೊಸಬರನ್ನು ಕಂಡರೆ ಅಳುತ್ತದೆ, ಅವ್ವನ ಸೆರಗು ಬಿಡುವುದಿಲ್ಲ. ಇದು ಹಟವಲ್ಲ. ‘ಇವರು ನನ್ನವರು’ ಎಂದು ಮಗು ಮೊದಲ ಸಲ ತೀರ್ಮಾನಿಸಿದ ಗುರುತು ಅದು.

ಈ ಬಾಂಧವ್ಯಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅದಕ್ಕೆ ಕಣ್ಣಾರೆ ಕಂಡ ಆಧಾರ ಒದಗಿಸಿದವರು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್. 1954–55ರಲ್ಲಿ ಆಕೆ ಉಗಾಂಡದ ಹಳ್ಳಿಗಳಲ್ಲಿ 26 ತಾಯಂದಿರನ್ನೂ ಅವರ 28 ಕೂಸುಗಳನ್ನೂ ಮನೆಮನೆಗೆ ಹೋಗಿ ಗಮನಿಸಿದರು. ಕೂಸು ಅವ್ವನಿಂದ ಅಷ್ಟು ದೂರ ಅಂಬೆಗಾಲಿಟ್ಟು ಹೋಗಿ, ತಿರುಗಿ ನೋಡಿ, ಅವಳಿರುವುದು ಖಾತ್ರಿಯಾದ ಮೇಲೆ ಮತ್ತಷ್ಟು ಮುಂದೆ ಹೋಗುತ್ತಿತ್ತು. ನೆಲೆ ಗಟ್ಟಿಯಿದ್ದ ಮಗುವೇ ಹೆಚ್ಚು ಧೈರ್ಯದಿಂದ ಲೋಕ ನೋಡುತ್ತಿತ್ತು. ಹಡೆದವ್ವನ ಜೊತೆಗೆ ಅಪ್ಪ, ಅಜ್ಜಿಯರಂಥ ಹತ್ತಿರದವರಿಗೂ ಕೂಸುಗಳು ಅಂಟಿಕೊಂಡಿದ್ದವು. ತುಂಬಿದ ಮನೆಯಲ್ಲಿ ಮಕ್ಕಳು ಬೆಳೆಯುವ ನಮಗೆ ಇದು ಪರಿಚಿತ ಸತ್ಯ.

ಹಾಗಾಗಿ ಅಜ್ಜಿಯ ಮಡಿಲಲ್ಲಿ ಬಿಟ್ಟ ಮಗು ಅನಾಥವಾಗುವುದಿಲ್ಲ. ನಾವು ಮರೆಯುವ ನೋವು ಬೇರೆ: ಮೂರು ವರ್ಷ ಸಾಕಿದ ಅಜ್ಜಿಯಿಂದ ಒಂದೇ ದಿನದಲ್ಲಿ ಮಗುವನ್ನು ಬಿಡಿಸಿ ಒಯ್ಯುವುದು. ಇಂಥ ನೋವನ್ನು ಬೌಲ್ಬಿ ಸ್ವತಃ ಉಂಡಿದ್ದರು: ಎಳವೆಯಲ್ಲಿ ಅವರನ್ನು ಎತ್ತಿ ಆಡಿಸಿದ್ದು ಮನೆಯ ದಾದಿ. ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಆಕೆ ಕೆಲಸ ಬಿಟ್ಟು ಹೋದಳು. ಆ ಅಗಲಿಕೆ ತಾಯಿಯನ್ನೇ ಕಳೆದುಕೊಂಡಷ್ಟು ದೊಡ್ಡದಾಗಿತ್ತು ಎಂದು ಅವರು ಮುಂದೆ ಹೇಳಿಕೊಂಡರು. ಗುಳೆಯಿಂದ ಮರಳಿದ ಅವ್ವನ ಹತ್ತಿರ ಮಗು ಬರದಿದ್ದರೆ ಗದರಬಾರದು. ಅಜ್ಜಿಯನ್ನು ಜೊತೆಗಿಟ್ಟುಕೊಂಡೇ ಕೆಲವು ದಿನ ಒಗ್ಗಿಸಬೇಕು.

ಎಳವೆಯಲ್ಲಿ ನೆಲೆ ತಪ್ಪಿದವರ ಬಾಳು ಅಲ್ಲಿಗೇ ಮುಗಿಯುವುದೂ ಇಲ್ಲ. ಅಮೆರಿಕದ ಮಿನೆಸೋಟದಲ್ಲಿ 1970ರ ದಶಕದಿಂದ ಬಡ ತಾಯಂದಿರ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ಬಾಂಧವ್ಯ ಗಟ್ಟಿಯಿದ್ದ ಮಕ್ಕಳು ಶಾಲೆಯಲ್ಲೂ ಗೆಳೆತನದಲ್ಲೂ ಮುಂದಿದ್ದರು. ನಂತರದ ದಿನಗಳಲ್ಲಿ ಸಿಕ್ಕ ಆಸರೆಯೂ ಮಕ್ಕಳ ದಾರಿ ಬದಲಿಸಬಲ್ಲದೆಂದು ಅದೇ ಅಧ್ಯಯನ ತೋರಿಸಿತು. ಆ ಆಸರೆ ಒಬ್ಬ ಅಂಗನವಾಡಿ ಕಾರ್ಯಕರ್ತೆಯಿಂದಲೂ ಬರಬಹುದು, ಒಬ್ಬ ಮೇಷ್ಟ್ರಿಂದಲೂ ಬರಬಹುದು.

‘ನಾನು ಯಾರು?’

ಹದಿಹರೆಯದಲ್ಲಿ ಪ್ರಶ್ನೆ ತಿರುಗುತ್ತದೆ. ‘ನನ್ನವರು ಯಾರು’ ಎಂದು ತಿಳಿದ ಮಗು ಈಗ ‘ನಾನು ಯಾರು’ ಎಂದು ಕೇಳುತ್ತದೆ. ಮನುಷ್ಯನ ಬೆಳವಣಿಗೆಯನ್ನು ಎಂಟು ಹಂತಗಳಲ್ಲಿ ವಿವರಿಸಿದ ಎರಿಕ್ ಎರಿಕ್ಸನ್, ಐದನೆಯ ಹಂತಕ್ಕೆ ಈ ಹುಡುಕಾಟವನ್ನೇ ಇಟ್ಟರು. ಹಡೆದ ತಂದೆ ಯಾರೆಂದು ಕೊನೆಯವರೆಗೂ ತಿಳಿಯದ ಅವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಹರೆಯದವರಿಗೆ ಸಮಾಜ ಒಂದಿಷ್ಟು ಬಿಡುವು ಕೊಡಬೇಕು, ಬೇರೆ ಬೇರೆ ದಾರಿ ತುಳಿದು ನೋಡಲು ಬಿಡಬೇಕು ಎಂದರು. 1966ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯ, ಈ ಹುಡುಕಾಟವೇ ನಡೆಯದೆ ಹಿರಿಯರು ಕೊಟ್ಟ ಪಾತ್ರವನ್ನು ಹೊತ್ತುಕೊಳ್ಳುವ ಸ್ಥಿತಿಯನ್ನು ಬೇರೆಯಾಗಿಯೇ ಗುರುತಿಸಿದರು.

ನಮ್ಮ ಭಾಗದಲ್ಲಿ ಆ ಸ್ಥಿತಿ ಹುಡುಕಬೇಕಾಗಿಲ್ಲ. ‘ಹುಡುಗಿ ದೊಡ್ಡಾಕಿ ಆದ್ಲು’ ಎಂಬ ಮಾತಿನ ಬೆನ್ನಿಗೇ ಗಂಡು ನೋಡುವ ಮಾತು ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಉಳಿದರೆ ಹುಡುಗ ಗಾರೆ ಕೆಲಸಕ್ಕೆ ಹೊರಡುತ್ತಾನೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ 2016ರ ತಿದ್ದುಪಡಿಯಲ್ಲಿ ಸಾರಿದೆ. ಆದರೆ ಮನೆಯ ಒಪ್ಪಿಗೆ ಇಲ್ಲದೆ ಕಾನೂನೊಂದೇ ಹುಡುಗಿಗೆ ಬಿಡುವು ತಂದುಕೊಡದು. ತಳಕಲ್‌ನಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅದರ ಗೇಟಿನ ಮುಂದೆ ಹಾದು ಶಾಲೆಗೆ ಹೋಗುವ ಹುಡುಗಿಗೆ ‘ನಾನೂ ಒಳಗೆ ಹೋಗಬಹುದು’ ಎನ್ನಿಸಲು ಹದಿನೆಂಟರವರೆಗಾದರೂ ಅವಳ ಬದುಕನ್ನು ಯಾರೂ ತೀರ್ಮಾನಿಸಿರಬಾರದು.

ಊರು ಮಾಡಬಹುದಾದದ್ದು

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಘೋಷಿಸಿತು. ಗುರಿ 4,000 ಗ್ರಾಮ ಪಂಚಾಯಿತಿ. ಊರಲ್ಲೇ ಕೂಲಿ, ಹತ್ತಿರದಲ್ಲೇ ಕೂಸು ಎಂಬುದು ಬಾಂಧವ್ಯ ಕಾಯುವ ಒಳ್ಳೆಯ ದಾರಿ. ಅಲ್ಲಿ ನೋಡಿಕೊಳ್ಳುವವರು ಪದೇ ಪದೇ ಬದಲಾಗದಂತೆ ಪಂಚಾಯಿತಿ ಎಚ್ಚರ ವಹಿಸಬೇಕು, ಏಕೆಂದರೆ ಕೂಸು ಅಂಟಿಕೊಳ್ಳುವುದು ಕಟ್ಟಡಕ್ಕಲ್ಲ, ಮುಖಕ್ಕೆ. ಮನಸ್ಸು ಕುಸಿದ ಹರೆಯದವರಿಗೆ ಟೆಲಿ ಮನಸ್ ಸಹಾಯವಾಣಿ 14416, ಒತ್ತಾಯದ ಮದುವೆ ತಡೆಯಲು 1098 ಶಾಲೆಯ ಗೋಡೆಯ ಮೇಲೆ ಕಾಣುವಂತಿರಲಿ.

ಕೂಸಿಗೆ ಕೈಬಿಡದ ಒಬ್ಬರು ಬೇಕು. ಹರೆಯಕ್ಕೆ ಅವಸರಪಡಿಸದ ಹಿರಿಯರು ಬೇಕು. ಬಡತನ ಎರಡನ್ನೂ ಕಸಿಯುತ್ತದೆ ಎಂಬುದು ನಿಜ. ಆದ್ದರಿಂದಲೇ ಇದನ್ನು ಅವ್ವನೊಬ್ಬಳ ಹೊಣೆ ಎಂದು ಬಿಡದೆ ಊರೂ ಸರ್ಕಾರವೂ ಹೊರಬೇಕು.