ವಿಷುಯಲ್ ಸ್ಟುಡಿಯೋ ತೆಗೆದ ಮೇಲೆ ಉಳಿಯುವುದೇನು?

ವಿಷುಯಲ್ ಸ್ಟುಡಿಯೋ 2010 ಮೈಕ್ರೋಸಾಫ್ಟ್‌ನ ಹಳೆಯ ಪ್ರೋಗ್ರಾಮಿಂಗ್ ತಂತ್ರಾಂಶ. ಅದಕ್ಕೆ ಕಂಪನಿಯ ಬೆಂಬಲ 2020ರ ಜುಲೈ 14ಕ್ಕೆ ನಿಂತಿತು. ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಊರುಗಳಲ್ಲಿ ಅಣ್ಣ ಬಿಸಿಎ ಓದಿದ ಲ್ಯಾಪ್‌ಟಾಪೇ ತಂಗಿಯ ಕೈಗೂ ಬರಬಹುದು. ಅಂಥ ಕಡೆ ಡಿಸ್ಕಿನಲ್ಲಿ ಒಂದೊಂದು ಜಿಬಿ ಜಾಗವೂ ಮುಖ್ಯ.

ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುವುದು ಮುಖ್ಯ ತಂತ್ರಾಂಶ ಮಾತ್ರ. ಅದರ ಜೊತೆ ಬಂದ ಎಸ್‌ಕ್ಯೂಎಲ್ ಸರ್ವರ್ 2008 ಎಕ್ಸ್‌ಪ್ರೆಸ್, ಹೆಲ್ಪ್ ವ್ಯೂವರ್, ಸಿಲ್ವರ್‌ಲೈಟ್ ಎಸ್‌ಡಿಕೆ ಇತ್ಯಾದಿಗಳು ಉಳಿದುಬಿಡುತ್ತವೆ. ಇವೆಲ್ಲ ಬೇರೆ ಬೇರೆ ಪ್ಯಾಕೇಜುಗಳು. ಬೇರೆ ತಂತ್ರಾಂಶವೂ ಬಳಸುತ್ತಿರಬಹುದೆಂದು ಅವನ್ನು ಹಾಗೇ ಬಿಡಲಾಗುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿದರೆ ಒಂದೇ ದಿನ ಬಂದವೆಲ್ಲ ಒಟ್ಟಿಗೆ ಕಾಣುತ್ತವೆ. ಅಪ್‌ಡೇಟ್ ಆದವುಗಳ ದಿನಾಂಕ ಬದಲಾಗಿರುತ್ತದೆ, ಆದ್ದರಿಂದ ಹೆಸರನ್ನೂ ನೋಡಬೇಕು. ಎಸ್‌ಕ್ಯೂಎಲ್ ಸರ್ವರ್ ತೆಗೆಯುವ ಮೊದಲು ಡೇಟಾಬೇಸ್‌ನ ಬ್ಯಾಕಪ್ ತೆಗೆದಿಡುವುದು ಕಡ್ಡಾಯ. ಪ್ರಾಜೆಕ್ಟ್ ವರ್ಕ್ ಅಲ್ಲೇ ಇರಬಹುದು.

ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬುದನ್ನು ಮಾತ್ರ ಮುಟ್ಟದಿರುವುದೇ ಒಳ್ಳೆಯದು. ಅದನ್ನು ನೆಚ್ಚಿಕೊಂಡ ಬೇರೆ ತಂತ್ರಾಂಶಗಳು ತೆರೆಯದೇ ಹೋದಾವು. ವಿಂಡೋಸ್ ಫೋಲ್ಡರಿನೊಳಗಿನ 'ಇನ್‌ಸ್ಟಾಲರ್' ಫೋಲ್ಡರನ್ನೂ ಕೈಯಾರೆ ಅಳಿಸಬಾರದು: ಉಳಿದವನ್ನು ರಿಪೇರಿ ಮಾಡಲು, ತೆಗೆಯಲು ಬೇಕಾದ ಫೈಲುಗಳು ಅಲ್ಲಿರುತ್ತವೆ. ಬಿಟ್ಟಿ ರಿಜಿಸ್ಟ್ರಿ ಕ್ಲೀನರ್‌ಗಳಿಂದ ಸಿಗುವ ಜಾಗ ಅತ್ಯಲ್ಪ, ಅಪಾಯ ದೊಡ್ಡದು.

ಡಾಕ್ಯುಮೆಂಟ್ಸ್‌ನಲ್ಲಿರುವ 'ವಿಷುಯಲ್ ಸ್ಟುಡಿಯೋ 2010' ಫೋಲ್ಡರಿನಲ್ಲಿ ವಿದ್ಯಾರ್ಥಿ ಬರೆದ ಕೋಡ್ ಇರುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡ ಮೇಲೆ ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಕೆಲಸ ಮುಗಿಯಿತು.